ತುದಿಯಿಂದ ಉತ್ತರ ಬಂತೇ?

ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ಬಿನ್ನಿಪೇಟೆಯಲ್ಲಿ ಗೋಡೆ ಗಡಿಯಾರಕ್ಕೆ ಅಷ್ಟೇನೂ ಮರ್ಯಾದೆ ಇರಲಿಲ್ಲ. ಮಿಲ್ಲಿನ ಸೈರನ್ ಕೂಗಿದಾಗಲೇ ನಮಗೆ ಗಂಟೆ ಆಗುತ್ತಿದ್ದದ್ದು. 1884ರಲ್ಲಿ ಶುರುವಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಅದು. ನಮ್ಮ ಬಾಯಲ್ಲಿ ಬರೀ ಬಿನ್ನಿ ಮಿಲ್. ಅದು ಕೂಗಿದರೆ ಅಮ್ಮ ಅನ್ನಕ್ಕೆ ಎಸರಿಡುತ್ತಿದ್ದಳು, ನಾವು ಸ್ಲೇಟು ಹುಡುಕುತ್ತಿದ್ದೆವು. ಎಂದಾದರೂ ಕೂಗದೇ ಹೋದರೆ ಬೀದಿಯವರೆಲ್ಲ ಬಾಗಿಲಿಗೆ ಬರುತ್ತಿದ್ದರು. “ಏನಾಯ್ತು? ಸ್ಟ್ರೈಕಾ? ಕರೆಂಟ್ ಹೋಯ್ತಾ?” ಅಂತ ವಿಚಾರಣೆ ಶುರುವಾಗುತ್ತಿತ್ತು.

ಯಾಕೆ ಹಾಗೆ? ಸೈರನ್ ದಿನಾ ಕೂಗುತ್ತಿತ್ತು. ಹಾಗಾಗಿ ಅದು ಕೆಟ್ಟರೆ ಆ ದಿನವೇ ಗೊತ್ತಾಗುತ್ತಿತ್ತು. ವರ್ಷಕ್ಕೆ ಒಂದೇ ಸಲ ಕೂಗುವಂಥ ಸೈರನ್ ಇದ್ದಿದ್ದರೆ? ಅದು ಚೆನ್ನಾಗಿದ್ದಾಗಲೂ ಸುಮ್ಮನಿರುತ್ತದೆ, ಕೆಟ್ಟಾಗಲೂ ಸುಮ್ಮನಿರುತ್ತದೆ. ಹೇಗೆ ಕಂಡುಹಿಡಿಯುವುದು?

ಈ ವಾರದ ಮಾತು ಅದರ ಬಗ್ಗೆಯೇ.

ಈಗ ಮಿಲ್ ಇಲ್ಲ. ಅಲ್ಲೂ ಸುತ್ತಮುತ್ತಲೂ ಎತ್ತರದ ಕಟ್ಟಡಗಳು ಎದ್ದಿವೆ. ನಾನೂ ಅಂಥದ್ದೊಂದು ಕಟ್ಟಡದಲ್ಲಿ, ಸಿ ಬ್ಲಾಕಿನ ಎರಡನೇ ಮಹಡಿಯಲ್ಲಿದ್ದೇನೆ. ಕಾರಿಡಾರಿನ ಸೂರಿನಲ್ಲಿ ಊಟದ ತಟ್ಟೆಯಗಲದ ಬಿಳಿ ಸ್ಪೀಕರುಗಳಿವೆ. ತೋಟದ ಸ್ಪೀಕರುಗಳಲ್ಲಿ ಸಂಜೆ ಹಾಡು ಬರುತ್ತದೆ. ಆದರೆ ಕಾರಿಡಾರಿನವು ಹಾಡುವುದಿಲ್ಲ. ಅವು ಇರುವುದು ಅಪಾಯದ ಹೊತ್ತಿಗೆ: “ಬೆಂಕಿ ಕಾಣಿಸಿಕೊಂಡಿದೆ, ಮೆಟ್ಟಿಲಿನಲ್ಲಿ ಇಳಿಯಿರಿ, ಲಿಫ್ಟ್ ಬಳಸಬೇಡಿ” ಎಂದು ಹೇಳುವುದಕ್ಕೆ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಎತ್ತರದ ಕಟ್ಟಡಗಳ ಬೆಂಕಿ ಸುರಕ್ಷತೆಯ ಭಾಗದಲ್ಲಿ ಇಂಥ ಧ್ವನಿವರ್ಧಕ ವ್ಯವಸ್ಥೆಯ ಪ್ರಸ್ತಾಪವಿದೆ.

ಇದೇನು ಅಷ್ಟು ದೊಡ್ಡ ವಿಷಯವೇ ಅಂತ ಕೇಳಬೇಡಿ. 2010ರ ಫೆಬ್ರವರಿ 23ರಂದು ನಮ್ಮ ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಹೊಗೆ ತಾಳಲಾರದೆ ಮೇಲಿನ ಮಹಡಿಗಳಿಂದ ಹಾರಿದವರೂ ಇದ್ದರು. ಹೊಗೆ ತುಂಬಿದಾಗ ಕಣ್ಣು ಕೆಲಸಕ್ಕೆ ಬರುವುದಿಲ್ಲ. ಆಗ ದಾರಿ ತೋರಿಸುವುದು ಕಿವಿಗೆ ಬೀಳುವ ಒಂದು ಸಮಾಧಾನದ ಧ್ವನಿ.

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಮ್ಮಲ್ಲಿ ಫೈರ್ ಡ್ರಿಲ್ ಇತ್ತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಅಂತ ನನ್ನನ್ನು ನಿವಾಸಿಗಳ ಸಂಘಕ್ಕೆ ಖಜಾಂಚಿ ಮಾಡಿದ್ದಾರೆ. ರಿಜಿಸ್ಟರು ಅಂದರೆ ನನ್ನ ಕೈಗೇ ಬರುತ್ತದೆ. ಕೆಳಗೆ ಕುರ್ಚಿ ಹಾಕಿಕೊಂಡು, ಇಳಿದು ಬಂದ ಮನೆಗಳ ಮುಂದೆ ಟಿಕ್ ಹಾಕುತ್ತಾ ಕುಳಿತೆ. ಮೈಕಿನಲ್ಲಿ ಸೂಚನೆ ಕೊಟ್ಟರು. ಎ ಬ್ಲಾಕ್ ಬಂತು, ಬಿ ಬ್ಲಾಕ್ ಬಂತು. ನಮ್ಮ ಸಿ ಬ್ಲಾಕಿನಲ್ಲಿ ಏಳನೇ ಮಹಡಿಯವರೆಗಿನವರು ಬಂದರು. ಎಂಟು, ಒಂಬತ್ತು, ಹತ್ತರಿಂದ ಒಂದು ನರಪಿಳ್ಳೆಯೂ ಇಳಿಯಲಿಲ್ಲ. ಹೋಗಿ ಕೇಳಿದರೆ, “ಡ್ರಿಲ್ ಆಯ್ತಾ ಅಂಕಲ್? ನಮಗೇನೂ ಕೇಳಿಸಲೇ ಇಲ್ಲವಲ್ಲ!” ಅಂದರು.

ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಪುಟ್ಟಿ ನನ್ನ ಜೊತೆಗೇ ಇದ್ದಳು. ಇಬ್ಬರೂ ಸೆಕ್ಯುರಿಟಿ ರೂಮಿಗೆ ಹೋದೆವು. ಅಲ್ಲಿ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ. ಅದೇ ಈ ಸ್ಪೀಕರುಗಳ ಯಜಮಾನ, ಕಂಟ್ರೋಲರ್.

“ತಾತ, ಮಷೀನಿಗೆ ಯಾಕೆ ಬ್ಯಾಂಡೇಜ್ ಹಾಕಿದ್ದಾರೆ?” ಅಂದಳು ಪುಟ್ಟಿ.

ಬಗ್ಗಿ ನೋಡಿದೆ. ಒಂದು ಪುಟ್ಟ ದೀಪದ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದರು. ಪಕ್ಕದಲ್ಲಿ ಬಜರಿನ ತೂತಿಗೆ ಹತ್ತಿ ತುರುಕಿ ಟೇಪು ಸುತ್ತಿದ್ದರು. ಪಟ್ಟಿ ಕಿತ್ತರೆ ಹಳದಿ ದೀಪ ಉರಿಯುತ್ತಿತ್ತು. ಮೇಲೆ ಪರದೆಯಲ್ಲಿ ಬರೆದಿತ್ತು: ವಲಯ 3, ಲೈನ್ ದೋಷ.

ಕಾವಲಿನವರನ್ನು ಸ್ವಲ್ಪ ಗಟ್ಟಿ ದನಿಯಲ್ಲೇ ಕೇಳಿದೆ. ಅವರು ರಾಯಚೂರಿನ ಕಡೆಯವರು, ನಿಧಾನದ ಮನುಷ್ಯ. “ರಾತ್ರಿ ಅದರ ಬೆಳಕು ಕಣ್ಣಿಗೆ ಹೊಡೀತಿತ್ರಿ ಸರ, ಅದಕ್ಕ ಮುಚ್ಚೀನಿ. ಆದ್ರ ನಾ ಬುಕ್ಕಿನ್ಯಾಗ ಬರ್ದೀನ್ರಿ. ಮೂರು ಸಲ ಬರ್ದೀನಿ. ಕೆಳಗ ಸಹಿ ನಿಮ್ಮದ ಐತ್ರಿ” ಅಂದರು.

ದೂರು ಪುಸ್ತಕ ತೆಗೆದು ನೋಡಿದೆ. ಮೂರು ತಿಂಗಳಲ್ಲಿ ಮೂರು ಸಲ, ಗುಂಡಗಿನ ಅಕ್ಷರದಲ್ಲಿ, “3ನೇ ನಂಬರ ಹಳದಿ ಲೈಟ ಹತ್ತೇತಿ” ಅಂತ ಬರೆದಿತ್ತು. ಪ್ರತಿ ಪುಟದ ಕೆಳಗೂ ನನ್ನ ಸಹಿ. ಬ್ಯಾಂಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೆ ಕೊನೆಯ ಬಸ್ಸು ತಪ್ಪಿಸಿಕೊಂಡು ಹುಡುಕುತ್ತಿದ್ದವನು ನಾನು. ಇಲ್ಲಿ ಓದದೇ ಸಹಿ ಹಾಕಿದ್ದೆ. ಯಂತ್ರ ಹೇಳಿತ್ತು, ಮನುಷ್ಯ ಬರೆದಿದ್ದ, ಕೇಳಿಸಿಕೊಳ್ಳಬೇಕಾದವನು ಮಾತ್ರ ನಿದ್ದೆಯಲ್ಲಿದ್ದ. ಗಟ್ಟಿ ದನಿಗೆ ಕ್ಷಮೆ ಕೇಳಿ ಹೊರಗೆ ಬಂದೆ.

ಮರುದಿನ ರಿಪೇರಿಗೆ ಒಬ್ಬ ಹುಡುಗಿ ಬಂದಳು. ಡಿಪ್ಲೊಮಾ ಓದಿದ ಟೆಕ್ನಿಷಿಯನ್. ಪುಟ್ಟಿ ಶಾಲೆಯಿಂದ ಬರುವವರೆಗೆ ಪೆಟ್ಟಿಗೆ ಮುಚ್ಚಬೇಡಮ್ಮ ಅಂತ ಕೇಳಿಕೊಂಡೆ. ಅವಳು ನಕ್ಕು ಒಪ್ಪಿ, ನಮ್ಮಿಬ್ಬರಿಗೂ ಎಲ್ಲವನ್ನೂ ಬಿಡಿಸಿ ಹೇಳಿದಳು. ನನಗೆ ಅರ್ಥವಾದಷ್ಟನ್ನು ನಿಮಗೂ ಹೇಳುತ್ತೇನೆ.

ಪೆಟ್ಟಿಗೆಗೆ ಒಳಗೆ ಬರುವ ವೈರುಗಳು ಕೆಲವು, ಹೊರಗೆ ಹೋಗುವವು ಕೆಲವು. ಒಳಗೆ ಬರುವುದು ಮೂರು ಕಡೆಯಿಂದ: ಹಾಡಿನ ಯಂತ್ರ, ಮಾತಾಡುವ ಮೈಕು, ಬೆಂಕಿ ಪತ್ತೆ ಹಚ್ಚುವ ಅಲಾರಂ. ಮೂವರೂ ಒಟ್ಟಿಗೆ ಮಾತಾಡಿದರೆ? ಅದಕ್ಕೆ ಸರದಿ ಇದೆ. ಹಾಡು ಬರುತ್ತಿರುವಾಗ ಮೈಕು ಒತ್ತಿದರೆ ಹಾಡು ಸುಮ್ಮನಾಗುತ್ತದೆ. ಬೆಂಕಿಯ ಸೂಚನೆ ಬಂದರೆ ಉಳಿದ ಪ್ರಕಟಣೆಗಳೂ ಹಿಂದೆ ಸರಿಯುತ್ತವೆ. ಮಕ್ಕಳು ಗಲಾಟೆ ಮಾಡುತ್ತಿರುವಾಗ ಅಜ್ಜಿ ಕೆಮ್ಮಿದರೆ ಮನೆ ಸುಮ್ಮನಾಗುತ್ತದಲ್ಲ, ಹಾಗೆ.

ಹೊರಗೆ ಹೋಗುವ ವೈರುಗಳು ವಲಯವಾರು ಹೋಗುತ್ತವೆ. ನಮ್ಮಲ್ಲಿ ಎ, ಬಿ, ಸಿ, ಡಿ ನಾಲ್ಕು ಬ್ಲಾಕಿಗೆ ನಾಲ್ಕು ವಲಯ, ಕಾರು ನಿಲ್ಲಿಸುವ ನೆಲಮಾಳಿಗೆಗೆ ಒಂದು, ತೋಟಕ್ಕೆ ಒಂದು. ಒಂದು ಬ್ಲಾಕಿಗೆ 30 ಸ್ಪೀಕರ್, ಒಂದೊಂದು 6 ವ್ಯಾಟಿನದು. ಗುಣಿಸಿದರೆ 180 ವ್ಯಾಟ್. ಅದಕ್ಕೆ 240 ವ್ಯಾಟಿನ ಆಂಪ್ಲಿಫೈಯರ್ ಕೊಟ್ಟಿದ್ದಾರೆ. ಉಳಿದ 60 ವ್ಯಾಟ್ ಯಾಕೆ ಅಂದೆ. “ಅಂಚಿನವರೆಗೆ ತುಂಬಿಸಬಾರದು ಸರ್” ಅಂದಳು. ಸಾಲ ಕೊಡುವಾಗ ನಾವೂ ಮಾರ್ಜಿನ್ ಇಡುತ್ತಿದ್ದೆವು. ಅರ್ಥವಾಯಿತು.

ಮನೆಯ ಟೇಪ್ ರೆಕಾರ್ಡರಿನ ಸ್ಪೀಕರನ್ನು ಹೀಗೆ 30 ಸೇರಿಸಲು ಆಗುವುದಿಲ್ಲ. ಅವು 8 ಓಮಿನವು. ಅಂಥ 30ನ್ನು ಅಕ್ಕಪಕ್ಕ ಜೋಡಿಸಿದರೆ ಒಟ್ಟು ತಡೆ 0.3 ಓಮಿಗೂ ಕೆಳಗೆ ಇಳಿದು, ಆಂಪ್ಲಿಫೈಯರಿಗೆ ಎರಡು ವೈರು ನೇರ ತಾಗಿದಂತೆಯೇ ಕಾಣುತ್ತದೆ. ಅದಕ್ಕೇ ದೊಡ್ಡ ಕಟ್ಟಡಗಳಲ್ಲಿ 100 ವೋಲ್ಟ್ ಲೈನ್ ಅನ್ನುವ ಪದ್ಧತಿ. ಧ್ವನಿಯನ್ನು ಹೆಚ್ಚು ವೋಲ್ಟೇಜಿಗೆ ಏರಿಸಿ ಕಳಿಸುತ್ತಾರೆ. ಪ್ರತಿ ಸ್ಪೀಕರಿನ ಬೆನ್ನಿಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದು ಮತ್ತೆ ಇಳಿಸಿಕೊಳ್ಳುತ್ತದೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ತಂದದ್ದೂ ಹೀಗೆ ವೋಲ್ಟೇಜ್ ಏರಿಸಿಯೇ. ವೋಲ್ಟೇಜ್ ಹೆಚ್ಚಿದ್ದರೆ ಅಷ್ಟೇ ಶಕ್ತಿಗೆ ಕರೆಂಟು ಕಡಿಮೆ ಸಾಕು. ಕರೆಂಟು ಕಡಿಮೆಯಾದರೆ ಸಣ್ಣ ವೈರಿನಲ್ಲೂ ದಾರಿಯಲ್ಲಿ ನಷ್ಟ ಕಡಿಮೆ.

ಈಗ ಮುಖ್ಯ ವಿಷಯ. ಸ್ಪೀಕರುಗಳು ಸುಮ್ಮನಿರುವಾಗ, ಅವು ಸರಿ ಇವೆ ಅಂತ ಪೆಟ್ಟಿಗೆಗೆ ಹೇಗೆ ಗೊತ್ತು?

ನಮ್ಮ ಪೆಟ್ಟಿಗೆ ವೈರಿನಲ್ಲಿ ಸುಮಾರು 20,000 ಹರ್ಟ್ಸಿನ ಒಂದು ಸಣ್ಣ ಸ್ವರ ಕಳಿಸುತ್ತದೆ. ಅಷ್ಟು ತೀಕ್ಷ್ಣ ಸ್ವರ ಮನುಷ್ಯರ ಕಿವಿಗೆ ಎಟುಕುವ ಅಂಚು. ಮಕ್ಕಳ ಕಿವಿ ಆ ಅಂಚಿನ ಹತ್ತಿರ ಹೋಗಬಹುದು, ನಮ್ಮಂಥ ಮುದುಕರ ಕಿವಿ ಅದಕ್ಕಿಂತ ಬಹಳ ಕೆಳಗೇ ನಿಂತುಬಿಡುತ್ತದೆ. ಅದು ತೀರ ಸಣ್ಣದಾಗಿರುವುದರಿಂದ ಯಾರಿಗೂ ತೊಂದರೆ ಇಲ್ಲ. ವೈರಿನ ಕಟ್ಟಕಡೆಯ ಸ್ಪೀಕರಿನ ಪಕ್ಕ ಬೆಂಕಿಪೊಟ್ಟಣದಷ್ಟು ಒಂದು ಸಾಧನ ಕೂತಿರುತ್ತದೆ. ಸ್ವರ ತಲುಪಿದರೆ ಅದು “ಬಂತು” ಎಂದು ಪೆಟ್ಟಿಗೆಗೆ ಉತ್ತರ ಕೊಡುತ್ತದೆ. ಉತ್ತರ ನಿಂತರೆ ದಾರಿಯಲ್ಲಿ ಎಲ್ಲೋ ವೈರು ತುಂಡಾಗಿದೆ ಎಂದು ಅರ್ಥ. ಎರಡು ವೈರು ಒಂದಕ್ಕೊಂದು ತಾಗಿದರೆ ಶಾರ್ಟ್, ವೈರು ಒದ್ದೆ ಗೋಡೆಗೋ ಕಬ್ಬಿಣಕ್ಕೋ ತಾಗಿದರೆ ಅರ್ತ್ ದೋಷ. ಇವನ್ನೂ ಪೆಟ್ಟಿಗೆ ಕಂಡುಹಿಡಿಯುತ್ತದೆ. ಮೈಕು ಕೆಟ್ಟರೆ, ಬ್ಯಾಟರಿಯ ವೈರು ಬಿಚ್ಚಿದರೆ ಅದನ್ನೂ ಹೇಳುತ್ತದೆ. ಆಂಪ್ಲಿಫೈಯರ್ ಕೈಕೊಟ್ಟರೆ ಪಕ್ಕದಲ್ಲಿರುವ ಬದಲಿ ಆಂಪ್ಲಿಫೈಯರಿಗೆ ಕೆಲಸ ವಹಿಸಿ, ಹಾಗೆ ವಹಿಸಿದ್ದನ್ನೂ ವರದಿ ಮಾಡುತ್ತದೆ. ಇಂಥ ಪೆಟ್ಟಿಗೆಗಳಿಗೆ ಯುರೋಪಿನಲ್ಲಿ ಇಎನ್ 54-16 ಅನ್ನುವ ಮಾನದಂಡವಿದೆ. ದೋಷ ಹುಟ್ಟಿದ 100 ಸೆಕೆಂಡಿನೊಳಗೆ ಪೆಟ್ಟಿಗೆ ಅದನ್ನು ಹೇಳಬೇಕು ಅನ್ನುತ್ತದೆ ಅದು.

ಹೇಳುವ ರೀತಿಯೂ ಲೆಕ್ಕಾಚಾರದ್ದು. ಹಸಿರು ಅಂದರೆ ವಿದ್ಯುತ್ ಇದೆ, ಕೆಂಪು ಅಂದರೆ ಅಪಾಯದ ಘೋಷಣೆ ನಡೆಯುತ್ತಿದೆ, ಹಳದಿ ಅಂದರೆ ನನಗೆ ಹುಷಾರಿಲ್ಲ. ಬಜರಿನ ಸದ್ದನ್ನು ಗುಂಡಿ ಒತ್ತಿ ನಿಲ್ಲಿಸಬಹುದು. ಹಳದಿ ದೀಪ ಮಾತ್ರ ದೋಷ ಸರಿಯಾಗುವವರೆಗೂ ಆರುವುದಿಲ್ಲ. ಹೊಸ ದೋಷ ಬಂದರೆ ಬಜರ್ ಮತ್ತೆ ಶುರು.

ಪುಟ್ಟಿ ಒಂದು ಜಾಣ ಪ್ರಶ್ನೆ ಕೇಳಿದಳು. “ಪೆಟ್ಟಿಗೆನೇ ಪೂರ್ತಿ ಸತ್ತುಹೋದ್ರೆ ಯಾರಕ್ಕಾ ಹೇಳ್ತಾರೆ?”

ಟೆಕ್ನಿಷಿಯನ್ ಒಂದು ಜೋಡಿ ವೈರು ತೋರಿಸಿದಳು. ಅದು ಸಂಘದ ಆಫೀಸಿಗೆ ದೋಷದ ಸುದ್ದಿ ಒಯ್ಯಲು ಇಟ್ಟ ಜಾಗ. ಒಳಗೊಂದು ರಿಲೇ, ಅಂದರೆ ಕರೆಂಟಿನಿಂದ ಎಳೆದು ಹಿಡಿದ ಸ್ವಿಚ್ಚು ಇದೆ. ಎಲ್ಲ ಸರಿ ಇದ್ದಾಗ ಅದು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ದೋಷ ಬಂದರೆ ಕೈ ಬಿಡುತ್ತದೆ. ಪೆಟ್ಟಿಗೆಯ ಕರೆಂಟು, ಬ್ಯಾಟರಿ ಎರಡೂ ಹೋದರೂ ಕೈ ಬಿಡುತ್ತದೆ. ಆ ವೈರನ್ನೇ ಇಲಿ ಕಡಿದರೂ ಆಫೀಸಿನಲ್ಲಿ ದೋಷ ಅಂತಲೇ ಕಾಣುತ್ತದೆ. ನಮ್ಮ ಕಾಲದಲ್ಲಿ ರಾತ್ರಿ ಗಸ್ತಿನವನು ಕೋಲು ಕುಟ್ಟುತ್ತಾ ಬೀದಿ ಸುತ್ತುತ್ತಿದ್ದ. ಸದ್ದು ಬರುತ್ತಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದೆವು. ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಇದೂ ಅದೇ. ನಮ್ಮ ಕಟ್ಟಡದಲ್ಲಿ ಆ ಜೋಡಿ ವೈರನ್ನು ಯಾರೂ ಎಲ್ಲಿಗೂ ಎಳೆದಿರಲೇ ಇಲ್ಲ. ಅವತ್ತೇ ಎಳೆಸಿದೆವು.

ಸಿ ಬ್ಲಾಕಿನ ದೋಷ ಏಳನೇ ಮಹಡಿಯಲ್ಲಿ ಸಿಕ್ಕಿತು. ಬಣ್ಣ ಬಳಿಯುವಾಗ ಸ್ಪೀಕರ್ ಇಳಿಸಿ ಮತ್ತೆ ಹಾಕಿದ್ದರು. ಮೇಲಿನ ಮಹಡಿಗೆ ಹೋಗುವ ಒಂದು ವೈರನ್ನು ಸ್ಕ್ರೂ ಬಿಗಿಯದೇ ಬಿಟ್ಟಿದ್ದರು. ಎರಡು ನಿಮಿಷದ ಕೆಲಸ. ಸ್ಕ್ರೂ ತಿರುಗಿಸಿದಳು, ಹಳದಿ ದೀಪ ಆರಿತು. ಎರಡು ನಿಮಿಷದ ಕೆಲಸಕ್ಕೆ ಮೂರು ತಿಂಗಳು ಮೂರು ಮಹಡಿಯ ಜನ ಕಿವುಡರಾಗಿದ್ದರು!

“ಆಯ್ತಲ್ಲ, ಎಲ್ಲ ಹಸಿರು” ಅಂತ ನಾನು ಪೆನ್ನು ತೆಗೆದೆ.

“ತಾಳಿ ಸರ್. ನಡೆದು ನೋಡದೇ ಸಹಿ ಹಾಕಬೇಡಿ” ಅಂದಳು ಆ ಹುಡುಗಿ.

ಕಟ್ಟಡದ ಐದಾರು ಮಕ್ಕಳು ಸೇರಿದರು. ಒಬ್ಬೊಬ್ಬರ ಕೈಯಲ್ಲಿ ಒಂದು ನೋಟ್ ಬುಕ್. ಮೈಕಿನಲ್ಲಿ ಪುಟ್ಟಿ ಒಂದರಿಂದ ಇಪ್ಪತ್ತು ಎಣಿಸುತ್ತಾಳೆ, ಮಕ್ಕಳು ಮಹಡಿ ಮಹಡಿಗೆ ಹೋಗಿ ಪ್ರತಿ ಸ್ಪೀಕರಿನ ಕೆಳಗೆ ನಿಂತು ಕೇಳಿಸಿತೋ ಇಲ್ಲವೋ ಬರೆಯುತ್ತಾರೆ. ಒಂದು ಗಂಟೆ ಹಿಡಿಯಿತು. ಎಲ್ಲ ಕಡೆ ಟಿಕ್. ಒಂದೇ ಒಂದು ಇಂಟು: ಡಿ ಬ್ಲಾಕ್, ಒಂಬತ್ತನೇ ಮಹಡಿ, ಕಾರಿಡಾರ್ ಎಡಕ್ಕೆ ತಿರುಗುವ ಮೂಲೆ. ಅಲ್ಲಿ ಒಂದೇ ಮನೆಯಲ್ಲಿ ಜನವಿದ್ದಾರೆ. ಎಂಬತ್ತು ದಾಟಿದ ಅಜ್ಜಿ ಒಬ್ಬರೇ.

ನಾವು ಹೋದಾಗ ಅಜ್ಜಿ ಬಾಗಿಲು ತೆಗೆದು, “ಏನು ಮಕ್ಕಳೇ, ಇಷ್ಟೊಂದು ಜನ?” ಅಂದರು. ವಿಷಯ ಹೇಳಿದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಹೋದ ವರ್ಷದ ಡ್ರಿಲ್ಲಿನಲ್ಲೂ ನನಗೆ ಕೇಳಿಸಲಿಲ್ಲಪ್ಪ. ಎಲ್ಲರೂ ಕೇಳಿಸಿತು ಅಂದರು. ನನ್ನ ಕಿವಿಯೇ ಹೋಯಿತೇನೋ ಅಂದುಕೊಂಡು ಸುಮ್ಮನಾದೆ. ಮಗನಿಗೂ ಹೇಳಲಿಲ್ಲ. ದೂರದಲ್ಲಿದ್ದಾನೆ, ಸುಮ್ಮನೆ ಗಾಬರಿಯಾಗುತ್ತಾನೆ.”

ಕೆಟ್ಟದ್ದು ಸ್ಪೀಕರು. ಅಜ್ಜಿ ಇಡೀ ಒಂದು ವರ್ಷ ತಪ್ಪನ್ನು ತಮ್ಮ ಕಿವಿಯ ಮೇಲೆ ಹಾಕಿಕೊಂಡಿದ್ದರು.

ಹಾಗಾದರೆ ಪೆಟ್ಟಿಗೆ ಯಾಕೆ ಹಳದಿ ದೀಪ ಹಾಕಲಿಲ್ಲ? ಆ ಮೂಲೆಯ ಸ್ಪೀಕರನ್ನು ಆಮೇಲೆ ಸೇರಿಸಿದ್ದರು. ಸೇರಿಸಿದವರು ಮುಖ್ಯ ವೈರಿನ ಮಧ್ಯದಿಂದ ಒಂದು ಕೊಂಬೆ ಎಳೆದು ಜೋಡಿಸಿದ್ದರು. “ಬಂತು” ಅನ್ನುವ ಸಾಧನ ಮುಖ್ಯ ವೈರಿನ ತುದಿಯಲ್ಲೇ ಇತ್ತು. ಕೊಂಬೆ ಮುರಿದರೂ ಕಾಂಡದ ತುದಿಯಿಂದ ಉತ್ತರ ಬರುತ್ತಲೇ ಇತ್ತು. ಲೈನಿನಲ್ಲಿ ಎಷ್ಟು ಹೊರೆ ಇದೆ ಎಂದು ಅಳೆದು ತಾಳೆ ನೋಡುವ ಪೆಟ್ಟಿಗೆಗಳೂ ಇವೆಯಂತೆ. ಆದರೆ 30ರಲ್ಲಿ 1 ಸ್ಪೀಕರ್ ಹೋದರೆ ಆಗುವ ವ್ಯತ್ಯಾಸ ಬಲು ಸಣ್ಣದು, ಅವಕ್ಕೂ ತಪ್ಪಿಹೋಗಬಹುದು. ಸರಿಯಾದ ವಿಧಾನವೆಂದರೆ ಕೊಂಬೆ ಎಳೆಯದೆ, ವೈರನ್ನು ಆ ಸ್ಪೀಕರಿನವರೆಗೂ ಒಯ್ದು, ಅಲ್ಲಿಂದ ವಾಪಸು ತಂದು ಮುಂದಕ್ಕೆ ಒಯ್ಯುವುದು. ಆ ಹುಡುಗಿ ಹಾಗೇ ಮಾಡಿದಳು.

ಬಿ.ಕಾಂ. ಓದುವಾಗ ನಮಗೊಂದು ಪಾಠವಿತ್ತು. ಟ್ರಯಲ್ ಬ್ಯಾಲೆನ್ಸಿನ ಎರಡೂ ಕಡೆ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಪುಸ್ತಕಕ್ಕೆ ಹತ್ತದೇ ಹೋದ ವ್ಯವಹಾರ ಎರಡು ಕಡೆಯೂ ಇರುವುದಿಲ್ಲ, ಹಾಗಾಗಿ ತಾಳೆಗೆ ಏನೂ ಕೊರತೆಯಾಗುವುದಿಲ್ಲ. ಒಂಬತ್ತನೇ ಮಹಡಿಯ ಅಜ್ಜಿ ನಮ್ಮ ಪುಸ್ತಕಕ್ಕೆ ಹತ್ತದೇ ಹೋದ ಜಮೆ.

ಆವತ್ತು ನಾನು ಕಲಿತದ್ದು ಎರಡು. ಹಳದಿ ದೀಪ ಉರಿದರೆ ಮುಚ್ಚಬಾರದು. ಹಸಿರು ಉರಿದರೆ ಅಲ್ಲಿಗೇ ನಿಲ್ಲಬಾರದು, ಎದ್ದು ಹೋಗಿ ಕೇಳಬೇಕು.

ಮಕ್ಕಳೇ, ಲೋಟ ಒಡೆದರೆ, ಶಾಲೆಯಲ್ಲಿ ಯಾರಾದರೂ ಕಾಡಿದರೆ, ಲೆಕ್ಕ ಅರ್ಥವಾಗದಿದ್ದರೆ, ಹೊಟ್ಟೆಯೊಳಗೆ ಇಟ್ಟುಕೊಳ್ಳಬೇಡಿ. ಹೇಳಿಬಿಡಿ. ದೊಡ್ಡವರೇ, ಹೇಳಿದ ಮಗುವನ್ನು ಮೊದಲು ಗದರಿಸಬೇಡಿ. ಗದರಿಸುವುದೂ ಬಜರಿಗೆ ಹತ್ತಿ ತುರುಕುವುದೂ ಒಂದೇ. ಮುಂದಿನ ಸಲ ಸದ್ದೇ ಬರುವುದಿಲ್ಲ. ನನ್ನ ವಯಸ್ಸಿನವರೇ, ಕಿವಿ ಮಂದವಾದರೆ, ಮಂಡಿ ನೋವಾದರೆ, ಎದೆಯಲ್ಲಿ ಏನೋ ಹಿಡಿದಂತಾದರೆ, “ಮಕ್ಕಳಿಗೆ ಯಾಕೆ ತೊಂದರೆ” ಅಂತ ಪಟ್ಟಿ ಅಂಟಿಸಿಕೊಂಡು ಕೂರಬೇಡಿ. ದೋಷ ಕಿವಿಯದೋ ಸ್ಪೀಕರಿನದೋ ನೋಡಿಸೋಣ.

ಕಾವಲಿನವರ ಪುಸ್ತಕವನ್ನು ಈಗ ವಾರಕ್ಕೊಮ್ಮೆ ಓದಿಯೇ ಸಹಿ ಹಾಕುತ್ತೇನೆ. ತಿಂಗಳ ಮೊದಲ ಭಾನುವಾರ ಮಕ್ಕಳು ನೋಟ್ ಬುಕ್ ಹಿಡಿದು ಹೊರಡುತ್ತಾರೆ. ಒಂಬತ್ತನೇ ಮಹಡಿಗೆ ಹೋಗಲು ಮಾತ್ರ ಜಗಳ. ಅಲ್ಲಿ ಅಜ್ಜಿ ಕೋಡುಬಳೆ ಕೊಡುತ್ತಾರೆ.

ಈ ವಾರದ ಆಟ: ಎಂಟು ಮಕ್ಕಳು ಸಾಲಾಗಿ ಕೈ ಕೈ ಹಿಡಿದು ಕಣ್ಣು ಮುಚ್ಚಿ ನಿಲ್ಲಿ. ಮೊದಲನೆಯವರು ಪಕ್ಕದವರ ಕೈಯನ್ನು ಮೆಲ್ಲಗೆ ಒತ್ತಬೇಕು. ಒತ್ತು ಒಬ್ಬರಿಂದೊಬ್ಬರಿಗೆ ಸಾಗಿ ಕೊನೆಯವರಿಗೆ ಮುಟ್ಟಿದಾಗ ಅವರು “ಬಂತು” ಅನ್ನಬೇಕು. ಈಗ ಮಧ್ಯದಲ್ಲಿ ಒಬ್ಬರು ಸದ್ದಿಲ್ಲದೆ ಕೈ ಬಿಡಲಿ. “ಬಂತು” ಬರುವುದಿಲ್ಲ. ಇದು ಸಿ ಬ್ಲಾಕು. ಮತ್ತೆ ಎಲ್ಲರೂ ಕೈ ಹಿಡಿಯಿರಿ. ಒಂಬತ್ತನೆಯ ಮಗು ಪಕ್ಕದಲ್ಲಿ ನಿಂತು, ಮಧ್ಯದವರೊಬ್ಬರ ಮೊಣಕೈ ಹಿಡಿಯಲಿ, ಆಮೇಲೆ ಬಿಟ್ಟುಬಿಡಲಿ. ಕೊನೆಯವರು “ಬಂತು” ಅನ್ನುತ್ತಲೇ ಇರುತ್ತಾರೆ. ಒಂಬತ್ತನೆಯ ಮಗು ಒಂಟಿಯಾಗಿರುವುದು ಯಾರಿಗೂ ಗೊತ್ತಾಗುವುದಿಲ್ಲ. ಇದು ಡಿ ಬ್ಲಾಕು.

ಈಗ ಕಣ್ಣು ಬಿಟ್ಟು ಆ ಮಗುವನ್ನೂ ಸಾಲಿನೊಳಗೆ ಸೇರಿಸಿಕೊಂಡು ಇನ್ನೊಂದು ಸಲ ಆಡಿ.